ಮಂಗಳ ಹಾಡದ ಭಾನುವಾರ

ಬರಿಗೈಯಲ್ಲಿ ಬಂದ ಮಧುಕರನನ್ನು ನಂಬಬಹುದು, ಹಣ್ಣು ತಂದ ಮಧುಕರನನ್ನು ನಂಬಬಾರದು ಎಂದು ಶ್ರೀನಿವಾಸಮೂರ್ತಿಗಳ ಹೆಂಡತಿ ಹಂಸಾ ಹೇಳುತ್ತಿದ್ದಳು. ಆ ಶನಿವಾರ ಅವನು ಪಪ್ಪಾಯಿ, ಅನಾನಸು, ಒಂದು ದೊಡ್ಡ ಚಿಪ್ಪು ಬಾಳೆಹಣ್ಣು ಎಲ್ಲವನ್ನೂ ಹೊತ್ತು ಬಂದ. ಮೂರ್ತಿಗಳು ಆಗಷ್ಟೇ ಪೂಜೆ ಮುಗಿಸಿ, ಹಣೆಯ ಗಂಧ ಆರುವ ಮುಂಚೆ, ನೈರೋಬಿಯ ನ್ಗಾರಾ ಬಡಾವಣೆಯ ತಮ್ಮ ಮನೆಯ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕುಳಿತಿದ್ದರು. ಮಗ ಸೊಸೆ ಸಂತೆಗೆ ಹೋಗಿದ್ದರು. ಕೆಳಗೆ ರಸ್ತೆಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳು ಒಂದರ ಹಿಂದೊಂದು ಹಾರನ್ ಹೊಡೆದು ಜಗಳವಾಡುತ್ತಿದ್ದವು.

“ಅಂಕಲ್, ಒಂದು ರಿಕ್ವೆಸ್ಟ್.”

“ಹಣ್ಣು ನೋಡಿದಾಗಲೇ ಅಂದುಕೊಂಡೆ. ಹೇಳು.”

ಮಧುಕರ ನಕ್ಕ. ಅವನು ನೈರೋಬಿಯ ಕನ್ನಡ ಕೂಟದ ಅಧ್ಯಕ್ಷ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಪ್ಲಾಸ್ಟಿಕ್ ಕಾರ್ಖಾನೆಯ ಮ್ಯಾನೇಜರು. ಹೊಸ ಯಂತ್ರ ಬಂದರೆ ನಿಂಬೆಹಣ್ಣು ಒಡೆಯದೆ ಸ್ವಿಚ್ಚು ಮುಟ್ಟದ ಮನುಷ್ಯ.

“ಪೆವಿಲಿಯನ್‌ನಲ್ಲಿ ಲಾಸ್ಟ್ ಪ್ಲೇ ಅಂಕಲ್, ಬರೋ ತಿಂಗಳು ಮೊದಲನೇ ಭಾನುವಾರ. ರಂಗಪೂಜೆ ನೀವೇ ಮಾಡ್ಬೇಕು. ಮಂಗಳನೂ ನೀವೇ ಹಾಡ್ಬೇಕು. ಆಂಟಿ ನಿಲ್ತಿದ್ದ ಜಾಗದಲ್ಲಿ ಇನ್ಯಾರು ನಿಂತ್ರೂ ಚೆನ್ನಾಗಿರಲ್ಲ.”

“ನನ್ನ ಕಂಠ ನೀನು ಕೇಳಿದೀಯಲ್ಲ. ಅವಳು ಹಾಡುವಾಗ ಗಂಟೆ ಬಾರಿಸುತ್ತಿದ್ದವನು ನಾನು.”

“ಶ್ರುತಿ ಯಾರು ನೋಡ್ತಾರೆ? ಸೆಂಟಿಮೆಂಟ್ ಅಷ್ಟೆ. ಎಲ್ಲರೂ ಒಂದ್ಸಲ ಚೆನ್ನಾಗಿ ಅತ್ತು ಕಳಿಸಿಕೊಡೋಣ. ಮಂಗಳ ಆದ ಕೂಡ್ಲೆ ಬೀಗದ ಕೀನ ಆರತಿ ತಟ್ಟೆಯಲ್ಲಿಟ್ಟು ಬಿಲ್ಡರ್ ಕೈಗೆ. ಸ್ಟೇಜ್ ಮೇಲೇನೇ. ಶಾಸ್ತ್ರೋಕ್ತವಾಗಿ ಇರುತ್ತೆ. ಮಂಡೇ ಬೆಳಿಗ್ಗೆ ಕೆಡವೋಕೆ ಅವರ ಮಷೀನ್ ಬರುತ್ತೆ.”

“ಮರುದಿನವೇ?”

“ಮಹಾಸಭೆ ಒಪ್ಪಿದೆಯಲ್ಲ ಅಂಕಲ್. ಹೊಸ ಕಟ್ಟಡದ ಎರಡನೇ ಮಹಡಿಯಲ್ಲಿ ನಮಗೆ ಎ.ಸಿ. ಹಾಲ್ ಕೊಡ್ತಾರೆ, ಒರಗೋ ಕುರ್ಚಿ, ಕೆಳಗೆ ಪಾರ್ಕಿಂಗ್. ಈಗ ನೋಡಿ, ಮಳೆ ಬಂದ್ರೆ ತಗಡಿನ ಸದ್ದಿಗೆ ಡೈಲಾಗೇ ಕೇಳಲ್ಲ.”

ಮೂರ್ತಿಗಳು ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿದ್ದರು. ಪರವಾಗಿ ಕೈ ಎತ್ತಲಿಲ್ಲ, ವಿರೋಧವಾಗಿಯೂ ಎತ್ತಲಿಲ್ಲ. ಹಂಸಾ ತೀರಿಕೊಂಡ ವರ್ಷ ಅದು. ಯಾವುದಕ್ಕೂ ಕೈ ಏಳುತ್ತಿರಲಿಲ್ಲ. ಈಗಲೂ ಇಲ್ಲ ಎನ್ನಲು ನಾಲಗೆ ಬರಲಿಲ್ಲ. ಮಧುಕರ ಕೆಟ್ಟವನಲ್ಲ. ಹಂಸಾ ಆಸ್ಪತ್ರೆಯಲ್ಲಿದ್ದಾಗ ಕಾರ್ಖಾನೆ ಬಿಟ್ಟು ಬಂದು ಬಾಗಿಲಲ್ಲಿ ಕಾದಿದ್ದವನು, ಚಟ್ಟಕ್ಕೆ ಹೆಗಲು ಕೊಟ್ಟವನು. ಅಂಥವನು ಹಣ್ಣು ತಂದು ಕೇಳಿದಾಗ ಮೂರ್ತಿಗಳು, “ಆಗಲಿ, ವರ್ಷಾಂತಿಕ ಮುಗಿದಿದೆ, ದೀಪ ಹಚ್ಚಬಹುದು,” ಎಂದುಬಿಟ್ಟರು.

ಆ ಪೆವಿಲಿಯನ್ ಇದ್ದುದು ಅವರ ಮನೆಯಿಂದ ಕೂಗಳತೆಯಲ್ಲಿ, ಸಗಟು ಬಟ್ಟೆ ಅಂಗಡಿಗಳ ಹಿಂದಿನ ಸಣ್ಣ ಮೈದಾನದಲ್ಲಿ. ರೈಲು ಹಾಕಲು ಬಂದ ಬಿಳಿಯರು ತಮ್ಮ ಊರಿನ ಮಾದರಿಯಲ್ಲಿ ಕಟ್ಟಿಸಿಕೊಂಡದ್ದು. ಹೊರಗೆ ಮೈದಾನದ ಕಡೆಗೆ ಉದ್ದನೆಯ ಜಗಲಿ, ಅಲ್ಲಿ ಕುಳಿತು ಕ್ರಿಕೆಟ್ ನೋಡುವುದು. ಒಳಗೆ ಹಲಗೆ ಹಾಸಿದ ಹಜಾರ, ಅದರ ಕೊನೆಗೆ ಪುಟ್ಟ ರಂಗಮಂಚ. ಹಸಿರು ಬಣ್ಣದ ತಗಡಿನ ಮಾಡು, ಸೂರಿನ ಅಂಚಿಗೆಲ್ಲ ಮರದ ಕುಸುರಿ, ಹಡಗಿನಲ್ಲಿ ಬಂದ ಎರಕದ ಕಬ್ಬಿಣದ ಕಂಬಗಳು. ಕಟ್ಟಿದ ಬಡಗಿಗಳು ಪಂಜಾಬಿನವರು, ಕಛ್‌ನವರು. ಕಟ್ಟಿ ಮುಗಿಸಿದ ಮೇಲೆ ಅವರನ್ನು ಒಳಗೆ ಕೂರಲು ಬಿಡಲಿಲ್ಲ; ಈ ಮಣ್ಣಿನ ಮಕ್ಕಳನ್ನಂತೂ ಬೇಲಿಯ ಒಳಗೇ ಬಿಡಲಿಲ್ಲ. ಸ್ವಾತಂತ್ರ್ಯ ಬಂತು, ಬಿಳಿಯರು ಮುಥೈಗಾದಂಥ ಸಿರಿವಂತರ ಬಡಾವಣೆಗೋ ತಮ್ಮ ದೇಶಕ್ಕೋ ಸರಿದರು, ಕಟ್ಟಡ ಕೈಯಿಂದ ಕೈಗೆ ಬಂದು ಕನ್ನಡ ಕೂಟದ ಪಾಲಿಗೆ ಉಳಿಯಿತು. ಹೊರಗೆ ನಿಲ್ಲಿಸಿದವರ ನಾಡಿನವರೇ ಒಳಗೆ ನಾಟಕ ಆಡಿದರು. ಇದು ಹಂಸಾಳಿಗೆ ಬಹಳ ಹೆಮ್ಮೆಯ ಮಾತಾಗಿತ್ತು. “ಕಟ್ಟಿಸಿದವರಿಗಿಂತ ಜಾಸ್ತಿ ನಾವು ಬಾಳಿಸಿದೀವಿ,” ಎನ್ನುತ್ತಿದ್ದಳು. ವರ್ಷಕ್ಕೊಂದು ನಾಟಕ ಅವಳೇ ಬರೆದು, ಅವಳೇ ಕಲಿಸಿ, ಕೊನೆಗೆ ತಾನೇ ಕಟ್ಟಿದ ಮಂಗಳವನ್ನು ಹಾಡುತ್ತಿದ್ದಳು.

ಆ ಮಂಗಳಕ್ಕೊಂದು ಕಟ್ಟಳೆಯಿತ್ತು. ಹಿಂದೊಮ್ಮೆ ನಾಟಕದ ನಡುವೆ ಕರೆಂಟು ಹೋಗಿ, ಜನ ಕತ್ತಲಾದೀತೆಂದು ಮಂಗಳಕ್ಕೆ ನಿಲ್ಲದೆ ಮನೆಗೆ ಓಡಿದ್ದರು. ಅದೇ ವಾರ ಪರದೆಗೆ ಬೆಂಕಿ ತಗುಲಿತು. ಊರಿಂದ ಹೊಸದಾಗಿ ಬಂದಿದ್ದ ಮಧುಕರನ ಕಾರು ಮೊಂಬಾಸಾ ರಸ್ತೆಯಲ್ಲಿ ಮಗುಚಿ ಬಿತ್ತು. ಅವನು ಬದುಕಿದ್ದೇ ಹೆಚ್ಚು. ಹಂಸಾ ಎಲ್ಲರನ್ನೂ ಮತ್ತೆ ಕರೆಸಿ, ಉಳಿದ ದೃಶ್ಯ ಆಡಿಸಿ, ಮಂಗಳ ಹಾಡಿದಳು. ಅಂದಿನಿಂದ ಕೂಟದಲ್ಲಿ ಒಂದು ಮಾತು ನೆಲೆ ನಿಂತಿತು: ರಂಗಪೂಜೆಯಲ್ಲಿ ದೀಪ ಹಚ್ಚಿದವರೇ ಮಂಗಳ ಹಾಡಬೇಕು, ಹಾಡುವವರೆಗೆ ದೀಪ ಆರಬಾರದು, ರಂಗದ ಒಂದು ಮೊಳೆಯನ್ನೂ ಕೀಳಬಾರದು. ಪ್ಲಾಸ್ಟರು ಹಾಕಿದ ಕೈಯಲ್ಲಿ ಅದಕ್ಕೆ ಮೊದಲು ಹ್ಞೂಂ ಎಂದವನು ಮಧುಕರ.

ನಾಟಕಕ್ಕೆ ಇನ್ನು ನಾಲ್ಕಾರು ದಿನ ಇರುವಾಗ ಹೆಲನ್ ಎಂಬ ಹೆಂಗಸು ಪೆವಿಲಿಯನ್ ನೋಡಲು ಬಂದರು. ವೇಲ್ಸಿನ ಒಂದು ಸಣ್ಣ ಕಡಲೂರಿನವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ವಯಸ್ಸಿನಲ್ಲಿ ಮೂರ್ತಿಗಳಿಗಿಂತ ಸ್ವಲ್ಪ ಚಿಕ್ಕವರು. ತಮ್ಮ ಊರಿನ ಇತಿಹಾಸ ಬರೆಯುವ ಸಂಘವೊಂದಿದೆ, ಊರಿನ ಎರಕದ ಕಾರ್ಖಾನೆ ಎಲ್ಲೆಲ್ಲಿಗೆ ಕಂಬ ಕಳಿಸಿತ್ತೆಂದು ಹುಡುಕುತ್ತಿದ್ದೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕಾವಲುಗಾರ ಡೇವಿಡ್ ಗೇಟು ತೆಗೆದು, ಮೂರ್ತಿಗಳಿಗೆ ಹೇಳಿಕಳಿಸಿದ.

ಹೆಲನ್ ಜಗಲಿಯ ಕಂಬದ ಬುಡದಲ್ಲಿ ಮಂಡಿಯೂರಿ, ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿದರು. ಬಣ್ಣದ ಪದರಗಳು ಒಂದೊಂದಾಗಿ ಎದ್ದವು. ಅಡಿಯಲ್ಲಿ ಕಬ್ಬಿಣದಲ್ಲೇ ಮೂಡಿದ ಅಕ್ಷರಗಳು: ಅವರ ಊರಿನ ಹೆಸರು. ಅವರು ಕಂಬಕ್ಕೆ ಅಂಗೈ ಒತ್ತಿ ತಲೆ ಬಗ್ಗಿಸಿದರು. ಗರ್ಭಗುಡಿಯ ಮುಂದೆ ನಿಂತವರು ಹಾಗಿರುತ್ತಾರೆ.

ಆಮೇಲೆ ಡೇವಿಡ್ ತಂದ ಚಹಾ ಕುಡಿಯುತ್ತ ಹೆಲನ್ ತಮ್ಮ ಊರಿನ ಕಥೆ ಹೇಳಿದರು. ಅಲ್ಲಿಯ ದೇವರ ಮಂದಿರದವರು ನಾಟಕವೆಂದರೆ ಪಾಪ ಎನ್ನುತ್ತಿದ್ದರಂತೆ. ಅದಕ್ಕೇ ಊರವರು ನಾಟಕಶಾಲೆ ಎನ್ನದೆ ಪೆವಿಲಿಯನ್ ಎಂದು ಹೆಸರಿಟ್ಟು, ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ತುದಿಯಲ್ಲಿ ಕಟ್ಟಿದರಂತೆ. ಬೆಳಿಗ್ಗೆ ಅದೇ ವೇದಿಕೆಯಲ್ಲಿ ದೇವರ ಹಾಡು, ಸಂಜೆ ಅದೇ ವೇದಿಕೆಯಲ್ಲಿ ಕೋಡಂಗಿಯ ಕುಣಿತ.

“ನಮ್ಮ ಅಜ್ಜನೂ ಹಾಗೇ,” ಎಂದು ಮೂರ್ತಿಗಳು ನಕ್ಕರು. “ನಾಟಕ ನೋಡಿ ಬಂದರೆ ತಣ್ಣೀರು ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದರು. ಪೆವಿಲಿಯನ್ ಎಂಬ ಉಪಾಯ ನಮಗೆ ಹೊಳೆಯಲಿಲ್ಲ ನೋಡಿ.”

“ನಿಮ್ಮ ಊರಿನದು ಈಗಲೂ ಇದೆಯೇ?” ಎಂದು ಅವರೇ ಮತ್ತೆ ಕೇಳಿದರು.

ಹೆಲನ್ ಲೋಟ ಕೆಳಗಿಟ್ಟರು. “ಇಲ್ಲ. ರಿಪೇರಿ ಕಷ್ಟ ಎಂದು ಕೆಡವಿದರು. ಕೆಡವುವ ಮುಂಚೆ ಬಹಳ ಸುಂದರವಾದ ಒಂದು ಕೊನೆಯ ಸಂಜೆ ಇಟ್ಟುಕೊಂಡರು. ಇಡೀ ಊರು ಬಂತು. ಕೈ ಕೈ ಹಿಡಿದು ಹಾಡಿದೆವು, ಅತ್ತೆವು. ನೆನಪಿಗೆಂದು ನನ್ನ ಗಂಡ ಒಂದು ಬಾಗಿಲ ಹಿಡಿ ಬಿಚ್ಚಿಕೊಂಡು ಬಂದರು. ಬೆಳಗಾಗುವುದರೊಳಗೆ ಯಂತ್ರ ಬಂತು, ಒಬ್ಬರೂ ಎದುರು ನಿಲ್ಲಲಿಲ್ಲ. ಹೇಗೆ ನಿಲ್ಲುವುದು? ರಾತ್ರಿಯಷ್ಟೇ ಹೋಗಿ ಬಾ ಎಂದು ಹೇಳಿ ಬಂದಿದ್ದೆವಲ್ಲ! ಮಿಸ್ಟರ್ ಮೂರ್ತಿ, ಅದನ್ನು ಕೆಡವಿದ್ದು ಯಂತ್ರವಲ್ಲ. ನಮ್ಮ ಆ ಸುಂದರ ಸಂಜೆ.”

ಮೂರ್ತಿಗಳಿಗೆ ಮಧುಕರನ ಮಾತು ಕಿವಿಯಲ್ಲಿ ಕೇಳಿಸಿತು: ಚೆನ್ನಾಗಿ ಅತ್ತು ಕಳಿಸಿಕೊಡೋಣ.

“ಈ ಊರಿನ ಪ್ರಾಚೀನ ಕಟ್ಟಡಗಳ ಇಲಾಖೆಗೆ ಬರೆದಿದ್ದೇನೆ,” ಎಂದರು ಹೆಲನ್. “ಬಂದು ನೋಡುತ್ತೇವೆ ಎಂದಿದ್ದಾರೆ, ಮುಂದಿನ ತಿಂಗಳಲ್ಲಿ. ಅವರಿಗೆ ಹಿಡಿಸಿದರೆ ಯಾರೂ ಮುಟ್ಟುವಂತಿಲ್ಲ. ಆದರೆ ಸೋಮವಾರ ಕೆಡವುತ್ತಾರೆಂದು ಡೇವಿಡ್ ಹೇಳಿದ, ಅವರು ಬರುವಾಗ ಇದು ನಿಂತಿರಬೇಕಲ್ಲ. ಹಲಗೆಯ ರಾಶಿ ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ.”

ಅಂದು ಸಂಜೆ ಮೂರ್ತಿಗಳು ಸಂಧ್ಯಾವಂದನೆಗೆ ಕುಳಿತರೆ ಅರ್ಘ್ಯದ ನೀರು ಕೈಯಲ್ಲೇ ನಿಂತಿತು. ಹಂಸಾ ಹೋದಾಗ ಅವರು ಎಲ್ಲವನ್ನೂ ಒಳ್ಳೆಯ ರೀತಿಯಲ್ಲೇ ಮಾಡಿದ್ದರು. ಮುತ್ತೈದೆ ಸಾವು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳಿದರು. ಹೌದು ಎಂದು ತಲೆಯಾಡಿಸಿದರು. ಅವಳ ಸೀರೆಗಳನ್ನು ಯಾರು ಯಾರಿಗೋ ಹಂಚಿದರು; ತಲೆಯಾಡಿಸಿದರು. ಅವಳ ಕುರ್ಚಿಯನ್ನು ಒಳಗಿನ ಕೋಣೆಗೆ ಒಯ್ದರು, ಅದಕ್ಕೂ ತಲೆಯಾಡಿಸಿದರು. ಅಳುವುದಕ್ಕೂ ಒಂದು ಅವಧಿ ಇಟ್ಟು ಮುಗಿಸಿದರು. ಮುಗಿದದ್ದು ಕರ್ಮಾಂಗ ಮಾತ್ರ ಎಂದು ಯಾರಿಗೂ ಹೇಳಲಿಲ್ಲ.

“ನಾರಾಯಣ,” ಎಂದರು ಅವರು, ಎದುರಿನ ಸಾಲಿಗ್ರಾಮಕ್ಕೆ. “ನೀನು ಕೇಳಿದ್ದನ್ನು ಕೊಟ್ಟೆ. ಜಗಳ ಆಡಲಿಲ್ಲ. ಇದನ್ನು ಕೇಳುತ್ತಿರುವುದು ನೀನಲ್ಲವಲ್ಲ?”

ಅರ್ಘ್ಯ ಬಿಟ್ಟರು. ಬಹಳ ದಿನಗಳ ಮೇಲೆ ಆ ರಾತ್ರಿ ಎರಡನೇ ಬಾರಿ ಅನ್ನ ಹಾಕಿಸಿಕೊಂಡರು. ಸೊಸೆ ಮಗನ ಮುಖ ನೋಡಿದಳು.

ನೈರೋಬಿಯಲ್ಲಿ ನಾಟಕ ಮಧ್ಯಾಹ್ನವೇ. ಬೆಳಕಿರುವಾಗಲೇ ಜನ ಮನೆ ಸೇರಬೇಕು. ಆ ಭಾನುವಾರ ಊಟ ಮುಗಿಸಿದ ಕನ್ನಡಿಗರೆಲ್ಲ ಪೆವಿಲಿಯನ್ನಿಗೆ ಬಂದು ತುಂಬಿದರು. ಕಾರ್ಖಾನೆಯವರು, ಔಷಧ ಕಂಪನಿಯವರು, ಮಂಗಳೂರಿನ ಕೊಂಕಣಿ ಮಾತಾಡುವ ಕ್ರಿಸ್ತರ ಮನೆಯವರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು. ಮೊದಲ ಸಾಲಿನಲ್ಲಿ ಬಿಲ್ಡರು, ಕೋಟು ತೊಟ್ಟು, ಪಕ್ಕದಲ್ಲಿ ಹೆಂಡತಿ. ಹಿಂದೆ ಹೆಲನ್.

ಪರದೆಯ ಒಳಗೆ ಮೂರ್ತಿಗಳು ರಂಗಪೂಜೆ ಮಾಡಿದರು. ಕಾಯಿ ಒಡೆದರು, ಹಲಗೆಗೆ ನೀರು ಪ್ರೋಕ್ಷಿಸಿದರು, ಹಿತ್ತಾಳೆಯ ದೀಪಕ್ಕೆ ಬತ್ತಿ ಹಚ್ಚಿ ರಂಗದ ಬಲಮೂಲೆಯಲ್ಲಿಟ್ಟರು. ಮಧುಕರ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ.

“ಏಳು ಮಧು. ಇವತ್ತು ನನಗೆ ನಮಸ್ಕಾರ ಮಾಡಬೇಡ,” ಎಂದರು ಮೂರ್ತಿಗಳು.

“ಇವತ್ತಲ್ದೆ ಇನ್ಯಾವತ್ತು ಅಂಕಲ್?” ಎಂದು ಅವನು ಕಣ್ಣೊರೆಸಿಕೊಂಡ.

ನಾಟಕ ಹಂಸಾ ಬರೆದ ‘ಕೆಂಚಪ್ಪನ ಮದುವೆ’. ಎಷ್ಟು ಹೆಣ್ಣು ನೋಡಿದರೂ ಮದುವೆ ಕೂಡಿಬಾರದ ಕೆಂಚಪ್ಪನಾಗಿ ಜೂಲಿಯನ್ ನಿಂತ. ಐವತ್ತು ದಾಟಿದ ಲೆಕ್ಕಪರಿಶೋಧಕ, ಹೊಟ್ಟೆ ಮುಂದೆ, ಮೀಸೆಗೆ ಕಾಡಿಗೆ. ಹೆಣ್ಣಿನ ತಾಯಿಯಾಗಿ ಮಧುಕರನ ಹೆಂಡತಿ ವಿಜಿ. ಹಂಸಾ ಹೋದ ಮೇಲೆ ನಾಟಕ ಕಲಿಸುವ ಹೊಣೆಯೂ ಅವಳದೇ. ಜನ ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಕೊನೆಯಲ್ಲಿ ಕೆಂಚಪ್ಪ ಹಸೆಮಣೆ ಏರುತ್ತಾನೆ. ಆಟದ ಮದುವೆಗೆ ಮಂತ್ರ ಹೇಳಬಾರದೆಂದು ಹಂಸಾ ಒಂದು ಏರ್ಪಾಡು ಮಾಡಿದ್ದಳು: ಮಂಗಳದ ಕೊನೆಯ ನುಡಿ ಮುಗಿಯುತ್ತಿದ್ದಂತೆ ಕೆಂಚಪ್ಪ ತಾಳಿ ಕಟ್ಟಬೇಕು, ಪರದೆ ಬೀಳಬೇಕು.

ವಿಜಿ ಆರತಿ ತಟ್ಟೆ ತಂದು ನಿಂತಳು. ಕರ್ಪೂರದ ಪಕ್ಕ, ವೀಳ್ಯದೆಲೆಯ ಮೇಲೆ ಬೀಗದ ಕೈ. ಮೂರ್ತಿಗಳು ಪಂಚೆ ಸರಿಮಾಡಿಕೊಂಡು ರಂಗಕ್ಕೆ ಬಂದರು. ಜನ ಎದ್ದು ನಿಂತು ಕೈ ಮುಗಿದರು. ಕೆಲವರು ಆಗಲೇ ಮೂಗು ಒರೆಸುತ್ತಿದ್ದರು.

“ನಾನು ಮಂಗಳ ಹಾಡುವುದಿಲ್ಲ,” ಎಂದರು ಮೂರ್ತಿಗಳು.

ಯಾರೋ ನಕ್ಕರು, ನಾಟಕದ ಮಾತೆಂದುಕೊಂಡಿರಬೇಕು.

ಮಧುಕರ ಕೆಳಗಿನಿಂದ ಪಿಸುಗುಟ್ಟಿದ. “ಅಂಕಲ್, ಹೆಂಗೆ ಬಂದ್ರೂ ಪರವಾಗಿಲ್ಲ, ಹಾಡಿ.”

“ಹಾಡಲು ಬರುವುದಿಲ್ಲ ಅಂತಲ್ಲಪ್ಪ. ಹಾಡುವುದಿಲ್ಲ. ನಾಟಕ ಮುಗಿದಿಲ್ಲ.”

“ಮದುವೆ ಆಯ್ತಲ್ಲ!”

“ಎಲ್ಲಿ ಆಯ್ತು ಮಾರ್ರೆ?” ಎಂದ ಹಸೆಮಣೆಯ ಮೇಲಿದ್ದ ಜೂಲಿಯನ್, ಕೈಯಲ್ಲಿದ್ದ ತಾಳಿ ಎತ್ತಿ ತೋರಿಸಿ. “ಇದು ಇನ್ನೂ ನನ್ನ ಕೈಯಲ್ಲೇ ಉಂಟು. ನನಗೆ ಎಷ್ಟು ಅರ್ಜೆಂಟ್ ಇದ್ದರೂ ಎಂತ ಮಾಡುದು?”

ನಗು ಎದ್ದಿತು. ಮಧುಕರ ನಗಲಿಲ್ಲ. ರಂಗ ಹತ್ತಿ ಬಂದು ಹೆಂಡತಿಯ ಕಡೆ ತಿರುಗಿದ. “ವಿಜಿ, ನೀನು ಹಾಡು. ನಿನಗೆ ಬರುತ್ತಲ್ಲ.”

“ದೀಪ ಹಚ್ಚಿದವರೇ ಹಾಡ್ಬೇಕು ಕಣ್ರೀ.”

“ಅದೆಲ್ಲ ಈಗ ಬಿಡು.”

“ನಾನ್ ಬಿಡ್ತೀನಿ. ನೀವು ಮೊಂಬಾಸಾ ರೋಡ್ ಮರೆತ್ರಾ? ದೀಪ ಅವರ ಕೈಯಲ್ಲೇ ಹಚ್ಚಿಸಬೇಕು ಅಂತ ಹಣ್ಣು ಹೊತ್ಕೊಂಡು ಹೋದೋರು ಯಾರು?”

ಮಧುಕರನ ಮುಖ ಕೆಂಪಾಯಿತು. ಬಿಲ್ಡರು ಗಡಿಯಾರ ನೋಡಿಕೊಂಡರು. ಮಧುಕರ ಜೇಬಿನಿಂದ ಫೋನು ತೆಗೆದ. ಅದರಲ್ಲಿ ಹಿಂದೊಂದು ವರ್ಷ ಹಂಸಾ ಹಾಡಿದ ಮಂಗಳವನ್ನು ಹಿಡಿದಿಟ್ಟಿದ್ದ. ಜನ ಮನೆಗೆ ಹೊರಡುವಾಗ ಕೇಳಿಸಿ ಮೂರ್ತಿಗಳನ್ನು ಸಂತೋಷಪಡಿಸಬೇಕೆಂದು ಸ್ಪೀಕರಿಗೂ ಜೋಡಿಸಿಟ್ಟಿದ್ದ. “ಹಂಸಾ ಆಂಟಿಗಿಂತ ದೊಡ್ಡವರು ಇಲ್ಲಿ ಯಾರೂ ಇಲ್ಲ. ಅವರೇ ಹಾಡ್ತಾರೆ,” ಎಂದು ಗುಂಡಿ ಒತ್ತಿದ.

*ಬೆಳಗಿದ ದೀಪಕೆ ಮಂಗಳ…*

ಆ ದನಿ ಹಲಗೆಯ ಗೋಡೆಗಳಿಗೆ ತಾಗಿ ಹಜಾರ ತುಂಬಿತು. ಸ್ವಲ್ಪ ಒಡಕು, ‘ಳ’ಕಾರದ ಮೇಲೆ ಒಂದು ಪುಟ್ಟ ತೂಗು. ಮೂರ್ತಿಗಳು ಹೆಂಡತಿಯ ಸ್ವರ ಕೇಳಿ ವರ್ಷ ದಾಟಿತ್ತು. ಅವಳು ತಮ್ಮ ಎಡಗಡೆ ನಿಂತು, ಗಂಟೆ ಸರಿಯಾಗಿ ಬಾರಿಸಿ ಎಂದು ಕಣ್ಣಲ್ಲೇ ಗದರಿಸುತ್ತಿರುವಂತೆ ಅನ್ನಿಸಿತು. ಮೊದಲನೆಯ ನುಡಿ ಮುಗಿಯಿತು. *ಬಂದ ಬಂಧುಗಳಿಗೆ ಮಂಗಳ* ಎಂಬ ಎರಡನೆಯದು ಬಂತು. ಜನರೂ ದನಿ ಕೂಡಿಸಿದರು. ಜೂಲಿಯನ್ ಕೂಡ ತಾಳಿಯ ದಾರ ಬಿಡಿಸಿ ಹಿಡಿದ. ಎಷ್ಟು ಹಿತವಾಗಿತ್ತು ಅದು! ಸುಮ್ಮನೆ ಕೇಳುತ್ತ ನಿಂತರೆ ಸಾಕಿತ್ತು. ಅವಳೇ ಮುಗಿಸಿಬಿಡುತ್ತಿದ್ದಳು, ಅವರ ಮೇಲೆ ಪಾಪವೂ ಇಲ್ಲ. ಉಳಿದದ್ದು ಕೊನೆಯ ನುಡಿ, ಮನೆಗೆ ಹೊರಟವರಿಗೆ ಮಂಗಳ.

ಮೂರ್ತಿಗಳು ರಂಗದ ಪಕ್ಕಕ್ಕೆ ನಡೆದರು. ಅಲ್ಲಿ ಸ್ಪೀಕರಿನ ಪೆಟ್ಟಿಗೆಯಿತ್ತು. ಅದರ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟರು. ಹಾಡು ಅಂಗೈಯಲ್ಲಿ ನಡುಗಿತು. *ಮನೆಗೆ…* ಎಂದು ಅವಳು ಉಸಿರೆಳೆದುಕೊಳ್ಳುವಾಗ ವೈರನ್ನು ಕಿತ್ತುಬಿಟ್ಟರು.

ಹೊರಗಿನ ಮಟಾಟುಗಳ ಸದ್ದು ಮಾತ್ರ ಉಳಿಯಿತು.

ಅವರು ತಿರುಗಿ ಬರುವಾಗ ಗಡ್ಡ ಒದ್ದೆಯಾಗಿತ್ತು. ದನಿ ಒದ್ದೆಯಾಗಿರಲಿಲ್ಲ. “ಮಧು, ಇನ್ನೊಂದು ಸಲ ಅವಳನ್ನು ಈ ಕೆಲಸಕ್ಕೆ ಕರೆಯಬೇಡ.”

“ಅಂಕಲ್, ಇಷ್ಟು ಜನರ ಮುಂದೆ ನಮಗೆಲ್ಲ ಅವಮಾನ ಮಾಡಿದ್ರಿ ನೀವು.”

“ಮಾಡಿದೆ. ಬೇಕಾದರೆ ನಾಳೆಯೂ ಮಾಡುತ್ತೇನೆ. ಒಂದು ಸಲ ಒಳ್ಳೆಯ ರೀತಿ ಕಳಿಸಿಕೊಟ್ಟವನು ನಾನು. ನೀನೂ ಹೆಗಲು ಕೊಟ್ಟಿದ್ದೆ. ದೇವರು ಕರೆದ, ತಲೆ ಬಾಗಿದೆ. ಈ ಬಿಲ್ಡರು ದೇವರಲ್ಲವಲ್ಲಪ್ಪ, ಅವರು ಕರೆದದ್ದಕ್ಕೆಲ್ಲ ಯಾಕೆ ಬಾಗಲಿ?” ಅವರು ಜನರ ಕಡೆ ತಿರುಗಿದರು. “ಸಭೆಯ ದಿನ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಹೇಳುತ್ತೇನೆ. ಬೀಳುವಂತಿದ್ದರೆ ಬೀಳಲಿ ಅನ್ನುತ್ತಿದ್ದೆ. ಇದು ಬೀಳುತ್ತಿಲ್ಲ, ನಾವು ಬೀಳಿಸುತ್ತಿದ್ದೇವೆ. ಸರ್ಕಾರದವರು ಬಂದು ನೋಡುತ್ತೇವೆ ಎಂದಿದ್ದಾರೆ. ನೋಡಿ ಬೇಡ ಎಂದರೆ ನಾನೇ ಬಂದು ಹಾಡುತ್ತೇನೆ, ಕೀ ನಾನೇ ಕೊಡುತ್ತೇನೆ. ಅಲ್ಲಿಯವರೆಗೆ ಕೆಂಚಪ್ಪನ ಮದುವೆ ನಡೆಯುತ್ತಿರುತ್ತದೆ. ದೀಪಕ್ಕೆ ಎಣ್ಣೆ ಹಾಕುವವರು ಹಾಕಿ, ಹೋಗುವವರು ಹೋಗಿ.”

“ಮುದುಕರಿಗೆ ಪಾರ್ಕಿಂಗ್ ಬೇಡ್ವಂತೆ,” ಎಂದು ಮೂರನೇ ಸಾಲಿನಿಂದ ಯಾರೋ ಗೊಣಗಿದರು.

“ನಿನಗೆ ಕಾರೇ ಇಲ್ಲ, ನಿನಗೇನು ಪಾರ್ಕಿಂಗ್ ಚಿಂತೆ?” ಎಂದು ಅವರ ಪಕ್ಕದಲ್ಲಿದ್ದವರೇ ಹೇಳಿದರು.

ಬಿಲ್ಡರು ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಯಂತ್ರ ಬೆಳಿಗ್ಗೆ ಬರುತ್ತದೆ ಎಂದಷ್ಟೇ ಮಧುಕರನಿಗೆ ಹೇಳಿ ನಡೆದರು. ಅವರ ಹಿಂದೆ ಒಂದಷ್ಟು ಜನ ಹೊರಟರು. ಮಿಕ್ಕವರು ಏನು ಮಾಡುವುದೆಂದು ತಿಳಿಯದೆ ನಿಂತರು. ಹೆಲನ್ ಕೇಳಿದ್ದಕ್ಕೆ ವಿಜಿ ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಹೆಲನ್ ಕೇಳಿ, “ನಮ್ಮ ಕಡೆ ನಟರು ಅಭ್ಯಾಸದಲ್ಲಿ ನಾಟಕದ ಕೊನೆಯ ಮಾತನ್ನು ಆಡುವುದಿಲ್ಲ. ಆಡಿದರೆ ಕೇಡು ಎಂಬ ನಂಬಿಕೆ. ನಮ್ಮೂರಿನವರು ಆ ಒಂದು ನಂಬಿಕೆಯನ್ನು ಆ ಸಂಜೆಯೂ ಇಟ್ಟುಕೊಳ್ಳಬೇಕಿತ್ತು,” ಎಂದರು. ಆಮೇಲೆ ತಮ್ಮ ಚೀಲವನ್ನು ರಂಗದ ಮೆಟ್ಟಿಲ ಮೇಲಿಟ್ಟು ಅಲ್ಲೇ ಕುಳಿತರು.

ಕುಳಿತವರನ್ನು ಕಂಡು ಇನ್ನಷ್ಟು ಜನ ಕುಳಿತರು. ಮದುವೆ ಮನೆಯೆಂದ ಮೇಲೆ ಅಡುಗೆಯಾಗಬೇಕಲ್ಲ ಎಂದು ಯಾರೋ ಮನೆಗೆ ಹೋಗಿ ದೊಡ್ಡ ಪಾತ್ರೆ ತಂದರು. ವಿಜಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕುಳಿತಳು. ಮಧುಕರ ಅವಳನ್ನು ಕರೆಯದೆ ಒಬ್ಬನೇ ಕಾರು ಹತ್ತಿದ.

ಸೋಮವಾರ ಬೆಳಿಗ್ಗೆ ಲಾರಿಯ ಮೇಲೆ ಯಂತ್ರ ಬಂತು. ಮೂರ್ತಿಗಳು ಸ್ನಾನ ಮುಗಿಸಿ ಪೆವಿಲಿಯನ್ನಿನ ಜಗಲಿಯಲ್ಲಿ ಜಪಕ್ಕೆ ಕುಳಿತಿದ್ದರು. ಅವರ ಹಿಂದೆ ಕೆಂಚಪ್ಪನ ರುಮಾಲು ಸುತ್ತಿಕೊಂಡೇ ಜೂಲಿಯನ್ ಬೆಂಚಿನ ಮೇಲೆ ನಿದ್ದೆ ಹೋಗಿದ್ದ. ಹೆಂಗಸರು ಕಾಫಿ ಸೋಸುತ್ತಿದ್ದರು. ಯಂತ್ರದವನು ಗೇಟಿನ ಹೊರಗೇ ನಿಲ್ಲಿಸಿ, ಒಳಗೆ ಏನು ನಡೆಯುತ್ತಿದೆ ಎಂದು ಡೇವಿಡ್‌ನನ್ನು ಸ್ವಾಹಿಲಿಯಲ್ಲಿ ಕೇಳಿದ.

“ಹರೂಸಿ,” ಎಂದ ಡೇವಿಡ್. ಮದುವೆ. “ನಿನ್ನೆಯಿಂದ ನಡೀತಾ ಇದೆ. ಹುಡುಗ ಇನ್ನೂ ತಾಳಿ ಕಟ್ಟಿಲ್ಲ.”

ಯಂತ್ರದವನು ಮಲಗಿದ್ದ ಮದುಮಗನನ್ನು ನೋಡಿದ. “ಇಷ್ಟು ವಯಸ್ಸಾದ ಮೇಲೆ ಅವಸರ ಯಾಕಿರುತ್ತೆ,” ಎಂದು ಲಾರಿಯ ಎಂಜಿನ್ ಆರಿಸಿದ. ಮದುವೆ ನಡೆಯುವ ಮನೆಗೆ ಸಲಿಕೆ ಹಾಕಿದರೆ ತನ್ನ ತಾಯಿ ತನ್ನನ್ನು ಮನೆಗೆ ಸೇರಿಸುವುದಿಲ್ಲ, ನಿಮ್ಮ ಯಜಮಾನರು ಬಂದು ಹೇಳಲಿ ಎಂದು ಲಾರಿಯ ನೆರಳಿನಲ್ಲಿ ಕುಳಿತ.

ಯಜಮಾನ ಬಂದ. ಮಧುಕರ ರಾತ್ರಿ ಮಲಗಿರಲಿಲ್ಲವೆಂದು ಕಣ್ಣೇ ಹೇಳುತ್ತಿತ್ತು. ಫೋನು ಕಿವಿಗೆ ಹಿಡಿದಿದ್ದ. ಆ ಕಡೆಯಿಂದ ಬಿಲ್ಡರು ಜೋರು ಮಾಡುತ್ತಿದ್ದುದು ಜಗಲಿಗೂ ಕೇಳಿಸುತ್ತಿತ್ತು. ಮಧುಕರ ಬೂಟು ಕಳಚಿ ನೇರವಾಗಿ ಒಳಗೆ ಹೋದ. ದೀಪ ಆರಿಸುತ್ತಾನೆ, ಆರಿಸಿದ ಮೇಲೆ ಆಟ ಮುಗಿದಂತೆಯೇ ಎಂದುಕೊಂಡರು ಮೂರ್ತಿಗಳು. ಜಪ ನಿಲ್ಲಿಸಿ ಎದ್ದು ಬಾಗಿಲಿಗೆ ಬಂದರು.

ಮಧುಕರ ರಂಗದ ಮೇಲೆ ದೀಪದ ಮುಂದೆ ನಿಂತಿದ್ದ. ಕಾಫಿಯ ಗಡಿಬಿಡಿಯಲ್ಲಿ ಯಾರೂ ನೋಡಿಕೊಂಡಿರಲಿಲ್ಲ. ಬತ್ತಿ ತಳ ಹಿಡಿದು, ಕುಡಿ ಕಡಲೆಕಾಳಿನಷ್ಟಾಗಿತ್ತು. ಅವನು ಉಫ್ ಎನ್ನಬೇಕಾಗಿಯೂ ಇರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕು, ತಾನಾಗಿ ಆರುತ್ತಿತ್ತು. ಫೋನು ಅವನ ಕೈಯಲ್ಲಿ ಹಲೋ ಹಲೋ ಎನ್ನುತ್ತಿತ್ತು.

ಕುಡಿ ಒಮ್ಮೆ ಕುಗ್ಗಿತು. “ಅಯ್ಯಯ್ಯೋ!” ಎಂದ ಮಧುಕರ. ಫೋನನ್ನು ಹಲಗೆಯ ಮೇಲೆ ಬಿಸಾಡಿ, ಎಣ್ಣೆಯ ಗಿಂಡಿಗೆ ಕೈಹಾಕಿ, ಎರಡೂ ಕೈಯಲ್ಲಿ ಹಿಡಿದು ದೀಪಕ್ಕೆ ಸುರಿದ. ಸುತ್ತ ಚೆಲ್ಲಿತು. ಬೆರಳಿನಿಂದಲೇ ಬತ್ತಿ ಎತ್ತಿದ. ಸುಟ್ಟಿರಬೇಕು, ಬೆರಳು ಬಾಯಿಗಿಟ್ಟುಕೊಂಡ. ಉರಿ ಎದ್ದು ನಿಂತಿತು.

ಆಗ ಅವನಿಗೆ ಬಾಗಿಲಲ್ಲಿದ್ದ ಮೂರ್ತಿಗಳು ಕಂಡರು.

“ಒಂದು ದೀಪ ನೋಡ್ಕೊಳ್ಳೋಕೆ ಆಗಲ್ವಾ ನಿಮಗೆಲ್ಲ?” ಎಂದು ರೇಗಿದ. “ಇಷ್ಟು ಜನ ಇದೀರ, ಉಪ್ಪಿಟ್ಟು ತಿನ್ನೋದೇ ಕೆಲಸವಾ? ಆರಿಹೋಗಿದ್ರೆ ಯಾರ ಮೇಲೆ ಬರ್ತಿತ್ತು ಅದು?”

“ನಿನ್ನ ಮೇಲೇ ಬರುತ್ತಿತ್ತು,” ಎಂದರು ಮೂರ್ತಿಗಳು. “ಅಧ್ಯಕ್ಷ ನೀನು ತಾನೇ?”

ಮಧುಕರ ಫೋನು ಎತ್ತಿಕೊಂಡ. “ನೋ ಸರ್. ಇವತ್ತಾಗಲ್ಲ,” ಎಂದ ಇಂಗ್ಲಿಷಿನಲ್ಲಿ. ಆ ಕಡೆಯವರು ಏನೋ ಕೂಗಿದರು. “ಕೋರ್ಟಿಗೆ ಹೋಗಿ ಸರ್. ನನ್ನನ್ನೇ ಎಳೀರಿ. ದೀಪ ಉರೀತಿರೋ ಮನೆ ಕೀ ನಾನು ಕೊಡಲ್ಲ.” ಫೋನು ಜೇಬಿಗಿಟ್ಟು, ಎಣ್ಣೆಯ ಕೈ ಎಲ್ಲಿ ಒರೆಸಿಕೊಳ್ಳುವುದೆಂದು ತಿಳಿಯದೆ ಎರಡೂ ಕೈ ಎತ್ತಿ ಹಿಡಿದುಕೊಂಡು ನಿಂತ.

“ನಾನು ನಿಮ್ಮ ಕಡೆ ಅಂತ ಅಂದ್ಕೋಬೇಡಿ ಅಂಕಲ್.”

“ಬೇಡ. ಹೆಣ್ಣಿನ ಕಡೆಯವರು ಬೇಕಾದಷ್ಟಿದ್ದಾರೆ,” ಎಂದರು ಮೂರ್ತಿಗಳು. “ಗಂಡಿನ ಕಡೆ ಜಗಳಕ್ಕೆ ಒಬ್ಬ ಮಾವ ಬೇಕು. ವಿಜಿ ಮುಂದಿನ ಭಾನುವಾರಕ್ಕೆ ಹೊಸ ದೃಶ್ಯ ಬರೆಯುತ್ತಿದ್ದಾಳೆ. ಮೊದಲು ಹೋಗಿ ಕೈ ತೊಳೆದುಕೊಂಡು ಬಾ.”